ರೋಟವೇಟರ್ ಮಾರಿದೆ, ರೋಲರ್ ಉಳಿಸಿಕೊಂಡೆ

ಹಾಸನ ಜಿಲ್ಲೆಯ ನಮ್ಮ ಊರಿನಲ್ಲಿ ರಾಗಿ ಹೊಲಕ್ಕೆ ಕಾಡುಹಂದಿ ನುಗ್ಗದಿರಲಿ ಎಂದು ಅಟ್ಟಣೆಯ ಮೇಲೆ ಕುಳಿತು ತಗಡು ಬಡಿದವನು ನಾನು. ಇಲ್ಲಿ ವಿಸ್ಕಾನ್ಸಿನ್‌ನಲ್ಲಿ ಕೈಯಿಂದ ಹಣ ಹಾಕಿ, ಜಿಂಕೆ ಬಂದು ಮೇಯಲಿ ಎಂದೇ ಬಿತ್ತುತ್ತೇನೆ. ಅಮ್ಮನಿಗೆ ಇದನ್ನು ಫೋನಿನಲ್ಲಿ ವಿವರಿಸಲು ಏಳು ವರ್ಷದಿಂದ ಪ್ರಯತ್ನಿಸುತ್ತಿದ್ದೇನೆ. "ಬಂದ ಜಿಂಕೆಯನ್ನು ಓಡಿಸುವುದಿಲ್ಲವೇ?" ಎಂದು ಪ್ರತಿ ಸಲವೂ ಕೇಳುತ್ತಾಳೆ.

ನಾನು ಬೇಟೆಗಾರನಲ್ಲ. ಪಕ್ಕದ ಜಮೀನಿನ ಹಿರಿಯರು ಬೇಟೆಗಾರರು, ನನ್ನ ಮಗನಿಗೂ ಬಿಲ್ಲಿನ ಹುಚ್ಚು ಹಿಡಿದಿದೆ. ನನಗೆ ಬೇಕಾದದ್ದು ಅಕ್ಟೋಬರ್ ಸಂಜೆ ಕಾಫಿ ಹಿಡಿದು ಕುಳಿತಾಗ ಕಾಡಿನ ಅಂಚಿನಿಂದ ಹೊರಬರುವ ನಾಲ್ಕು ಬಿಳಿಬಾಲದ ಜಿಂಕೆ, ಒಂದಿಷ್ಟು ಟರ್ಕಿ ಕೋಳಿ. ಜೋಳ ಸುರಿದು ಕರೆಯುವಂತಿಲ್ಲ. 2002ರಲ್ಲಿ ಈ ರಾಜ್ಯದ ಜಿಂಕೆಗಳಲ್ಲಿ ಮೈ ಸೊರಗಿಸಿ ಸಾಯಿಸುವ ಮೆದುಳಿನ ರೋಗ (ಸಿಡಬ್ಲ್ಯುಡಿ) ಸಿಕ್ಕ ಮೇಲೆ ಬಹಳಷ್ಟು ಕೌಂಟಿಗಳಲ್ಲಿ ಆಹಾರ ಸುರಿಯುವುದು ನಿಷಿದ್ಧ. ಬಿತ್ತಿ ಬೆಳೆದು ನಿಂತ ಬೆಳೆಗೆ ಆ ತಕರಾರು ಇಲ್ಲ.

ಜಮೀನು ಇರುವುದು ವರ್ನನ್ ಕೌಂಟಿಯ ಗುಡ್ಡಗಳಲ್ಲಿ, 18 ಎಕರೆ, ಮುಕ್ಕಾಲು ಪಾಲು ಓಕ್ ಕಾಡು. ಬಿತ್ತಲು ಸಿಗುವುದು ಮೂರು ತುಂಡು. ದೊಡ್ಡದು 20 ಗುಂಟೆ, ಚಿಕ್ಕದು 6 ಗುಂಟೆ ಇರಬಹುದು. ಇಷ್ಟು ಸಣ್ಣ ತುಂಡಿಗೆ ಯಾವ ಉಪಕರಣ ಕೊಳ್ಳಬೇಕು ಎಂದು ಯಾರನ್ನು ಕೇಳಿದರೂ ಒಂದೇ ಉತ್ತರ ಬಂತು: ರೋಟವೇಟರ್, ತಿರುಗುವ ಅಲಗುಗಳಿಂದ ಮಣ್ಣನ್ನು ಪುಡಿ ಮಾಡುವ ಯಂತ್ರ. ಮ್ಯಾಡಿಸನ್‌ನ ನಮ್ಮ ಕನ್ನಡ ಬಳಗದವರೂ ಅದನ್ನೇ ಹೇಳಿದರು. ಅವರಲ್ಲಿ ಜಮೀನಿದ್ದವರು ಇಬ್ಬರೇ, ಸಲಹೆ ಕೊಟ್ಟವರು ಹತ್ತು ಮಂದಿ.

ಮೊದಲ ವರ್ಷ ಟ್ರ್ಯಾಕ್ಟರ್ ನನ್ನದಾಗಿರಲಿಲ್ಲ. ಪಕ್ಕದ ಹಿರಿಯರ ಫೋರ್ಡ್ 8ಎನ್ ಎರವಲು ತಂದಿದ್ದೆ. 1947ರಿಂದ 1952ರವರೆಗೆ ತಯಾರಾದ ಮಾದರಿ, ನನಗಿಂತ ಹಿರಿಯದು. ಅದರ ಪಿಟಿಒ (ಹಿಂದೆ ಕಟ್ಟಿದ ಉಪಕರಣವನ್ನು ತಿರುಗಿಸುವ ದಂಡ) ಗೇರ್‌ಬಾಕ್ಸಿಗೇ ಅಂಟಿಕೊಂಡದ್ದು. ಹುಲ್ಲು ಕೊಚ್ಚುವ ರೋಟರಿ ಮೋವರ್ ಹಾಕಿ, ಬೇಲಿ ಹತ್ತಿರ ಬಂತೆಂದು ಕ್ಲಚ್ ಒತ್ತಿದರೆ, ತಿರುಗುತ್ತಿದ್ದ ಅಲಗುಗಳ ರಭಸವೇ ಟ್ರ್ಯಾಕ್ಟರನ್ನು ಮುಂದಕ್ಕೆ ದೂಡಿತು. ಬೇಲಿಯ ಎರಡು ಕಂಬ ಹೋದವು. ಇದನ್ನು ತಡೆಯಲು ಒಂದೇ ದಿಕ್ಕಿಗೆ ಬಲ ಬಿಡುವ ಓವರ್‌ರನ್ನಿಂಗ್ ಕಪ್ಲರ್ 60 ಡಾಲರಿನ ವಸ್ತು, ಕಂಬಗಳಿಗೆ ಆದದ್ದು ಅದರ ದುಪ್ಪಟ್ಟು.

ಆಮೇಲೆ ಒಂಬತ್ತು ಸಾವಿರ ಡಾಲರಿನ ಆಸುಪಾಸಿನಲ್ಲಿ 24 ಅಶ್ವಶಕ್ತಿಯ ಹಳೆಯ ಡೀಸೆಲ್ ಟ್ರ್ಯಾಕ್ಟರ್ ಕೊಂಡೆ, ನಾಲ್ಕು ಚಕ್ರಕ್ಕೂ ಎಳೆತವಿದೆ, ಮುಂದೆ ಲೋಡರ್ ಇದೆ. ಜೊತೆಗೆ ಹೊಚ್ಚಹೊಸ ನಾಲ್ಕು ಅಡಿ ರೋಟವೇಟರ್, ಸುಮಾರು 2,300. ಹೆಂಡತಿಗೆ 1,800 ಎಂದು ಹೇಳಿದ್ದೆ. ಇದನ್ನು ಅವಳು ಓದುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

2017ರ ಆಗಸ್ಟ್. ಮಣ್ಣು ಮೈದಾಹಿಟ್ಟಿನಂತೆ ಆಯಿತು. ಫೋಟೊ ತೆಗೆದು ಎಲ್ಲರಿಗೂ ಕಳುಹಿಸಿದೆ. ಕ್ಲೋವರ್ ಎಂಬ ಮೇವಿನ ಗಿಡದ ಬೀಜ, ಟರ್ನಿಪ್ ಬೀಜ ಎರಚಿ, ಮೇಲೆ ಇನ್ನೊಂದು ಸಲ ತೆಳುವಾಗಿ ರೋಟವೇಟರ್ ಹೊಡೆದು ಮನೆಗೆ ಬಂದೆ. ಮೂರು ವಾರದ ಮೇಲೆ ಹೋಗಿ ನೋಡಿದರೆ ಇದ್ದದ್ದು ನರಿಬಾಲದ ಹುಲ್ಲು ಮತ್ತು ರ‍್ಯಾಗ್‌ವೀಡ್. ಭೂಮಿಯ ಹೊಟ್ಟೆಯಲ್ಲಿ ಎಷ್ಟೋ ವರ್ಷದಿಂದ ಮಲಗಿದ್ದ ಕಳೆ ಬೀಜವನ್ನೆಲ್ಲ ನಾನೇ ಎಬ್ಬಿಸಿ ಬೆಳಕಿಗೆ ತಂದಿದ್ದೆ. ಕಾಲು ಅಂಗುಲ ಆಳದಲ್ಲಿರಬೇಕಾದ ಕ್ಲೋವರ್ ಬೀಜ ಎರಡು ಮೂರು ಅಂಗುಲ ಕೆಳಗೆ ಹೋಗಿ ಸತ್ತಿತ್ತು. ಟರ್ನಿಪ್ ಅಲ್ಲೊಂದು ಇಲ್ಲೊಂದು.

2018ರಲ್ಲಿ ಬಿತ್ತನೆ ಸರಿಯಾಗಿಯೇ ಮಾಡಿದೆ ಎಂದುಕೊಂಡೆ, ಅಂದರೆ ಬೀಜದ ಮೇಲೆ ಮತ್ತೆ ರೋಟವೇಟರ್ ಹೊಡೆಯಲಿಲ್ಲ. ಆ ಆಗಸ್ಟ್ ಕೊನೆಯ ವಾರ ಈ ಕಡೆ ಇದ್ದವರಿಗೆ ಮಳೆ ನೆನಪಿರುತ್ತದೆ, ಕೂನ್ ಕ್ರೀಕ್ ಕಣಿವೆಯಲ್ಲಿ ಸಣ್ಣ ಅಣೆಕಟ್ಟುಗಳೇ ಒಡೆದವು. ನನ್ನ ಮೈದಾಹಿಟ್ಟು ಬೀಜ ಸಮೇತ ಕೆಳಗಿನ ಹಳ್ಳಕ್ಕೆ ಹೋಯಿತು. ಅಮೆರಿಕದ ಮೊದಲ ಜಲಾನಯನ ಸಂರಕ್ಷಣಾ ಕೆಲಸ 1933ರಲ್ಲಿ ಶುರುವಾದದ್ದು ಇದೇ ಕೂನ್ ವ್ಯಾಲಿಯಲ್ಲಿ. ಸುತ್ತಲಿನ ಹೊಲಗಳೆಲ್ಲ ಇಳಿಜಾರಿಗೆ ಅಡ್ಡ ಪಟ್ಟಿಗಳಾಗಿ ನಿಂತಿರುವುದನ್ನು ದಿನವೂ ನೋಡುತ್ತ ನಾನು ಮಾತ್ರ ಇಳಿಜಾರಿನ ಉದ್ದಕ್ಕೆ ಹೊಡೆದಿದ್ದೆ. ಬದು ಕಟ್ಟುವ ಊರಿನಿಂದ ಬಂದವನು ಮಾಡುವ ಕೆಲಸವೇ ಇದು?

ಇದರ ಜೊತೆಗೆ ಕಲ್ಲು. ಗುಡ್ಡದ ತಲೆಯ ಮೇಲಿನ ತುಂಡಿನಲ್ಲಿ ಸುಣ್ಣಕಲ್ಲು, ಚಕಮಕಿ ಕಲ್ಲು ಎರಡೂ ಇವೆ. ಒಂದೇ ಮಧ್ಯಾಹ್ನ ಏಳು ಶಿಯರ್ ಬೋಲ್ಟ್ ಮುರಿದವು, ಯಂತ್ರ ಉಳಿಯಲಿ ಎಂದು ತಾನೇ ಮುರಿಯುವ ಮೆದು ಬೋಲ್ಟ್ ಅದು. ಎಂಟನೆಯದಕ್ಕೆ ಜೇಬಿನಲ್ಲಿದ್ದ ಗಟ್ಟಿ ಬೋಲ್ಟ್ ಹಾಕಿದೆ. ಅದು ಮುರಿಯಲಿಲ್ಲ, ಗೇರ್‌ಬಾಕ್ಸ್ ಮುರಿಯಿತು. ರಿಪೇರಿಗೆ 600ರ ಹತ್ತಿರ. ಅಂಗಡಿಯವನು ನನ್ನ ಬೋಲ್ಟನ್ನು ಕೈಯಲ್ಲಿ ಹಿಡಿದು ನೋಡಿ ಏನೂ ಹೇಳದೆ ಬಿಲ್ ಬರೆದ.

2019ರ ವಸಂತವಿಡೀ ನೆಲ ಕೆಸರು. ಆ ಬಿಡುವಿನಲ್ಲಿ ರೋಟವೇಟರನ್ನು 1,500ಕ್ಕೆ ಮಾರಿ, ಸಾಲು ತಟ್ಟೆಗಳಿಂದ ಮಣ್ಣು ಕೊಯ್ಯುವ ಐದು ಅಡಿಯ ಹಳೆಯ ಡಿಸ್ಕ್ ಹ್ಯಾರೋವನ್ನು 700ಕ್ಕೋ 750ಕ್ಕೋ ತಂದೆ. ಬಳಗದಲ್ಲಿ ನಗೆಯೋ ನಗೆ. "ಮುಂದಕ್ಕೆ ಹೋಗುವುದು ಬಿಟ್ಟು ಹಿಂದಕ್ಕೆ ಹೋಗುತ್ತಿದ್ದಾನೆ" ಎಂದರು. ಮೊದಲ ದಿನ ಅವರು ಹೇಳಿದ್ದೇ ಸರಿ ಎನ್ನಿಸಿತು. ಹುಲ್ಲುಗಾವಲಿನ ಮೇಲೆ ಡಿಸ್ಕ್ ಜಾರುಬಂಡಿಯಂತೆ ಜಾರಿತು, ಒಂದು ಗೆರೆಯೂ ಬೀಳಲಿಲ್ಲ. ನಾಲ್ಕು ಕಾಂಕ್ರೀಟ್ ಇಟ್ಟಿಗೆ ಕಟ್ಟಿದೆ, ಸಾಲದು. ಎಂಟು ಕಟ್ಟಿದೆ, ತಟ್ಟೆಗಳ ಸಾಲಿನ ಕೋನವನ್ನು ಕೊನೆಯ ತೂತಿಗೆ ತಂದೆ, ಟ್ರ್ಯಾಕ್ಟರಿಗೆ ಜೋಡಿಸುವ ಮೇಲಿನ ಸರಳನ್ನು (ಟಾಪ್ ಲಿಂಕ್) ಕುಗ್ಗಿಸಿ ಮುಂದಿನ ಸಾಲಿಗೆ ಭಾರ ಕೊಟ್ಟೆ. ಆಗ ಕಚ್ಚಿತು. ಎರಡು ವಾರ ಮೊದಲೇ ಹುಲ್ಲಿಗೆ ಔಷಧಿ ಹೊಡೆದು ಸಾಯಿಸಿದ್ದರೆ ಇನ್ನೂ ಸುಲಭವಾಗುತ್ತಿತ್ತು, ಈಗ ಹಾಗೆಯೇ ಮಾಡುತ್ತೇನೆ. ಡಿಸ್ಕಿನ ದೊಡ್ಡ ಗುಣವೆಂದರೆ ಅದು ಕಲ್ಲಿನ ಮೇಲೆ ಹತ್ತಿ ಇಳಿಯುತ್ತದೆ, ಜಗಳವಾಡುವುದಿಲ್ಲ. ಮುರಿಯಲು ಅದರಲ್ಲಿ ಏನೂ ಇಲ್ಲ.

ಆದರೂ ಬೆಳೆ ಅರ್ಧಂಬರ್ಧ. ಮೇಲೆ ಹೆಂಟೆ, ಕೆಳಗೆ ಪೊಳ್ಳು. ಒಂದು ಸಂಜೆ ಹೊಲದಲ್ಲಿ ನಡೆಯುವಾಗ ಒಂದು ವಿಚಿತ್ರ ಕಂಡಿತು. ಟ್ರ್ಯಾಕ್ಟರಿನ ಚಕ್ರ ಹೋದ ಗುರುತಿನಲ್ಲಿ ಮಾತ್ರ ಕ್ಲೋವರ್ ಗೆರೆ ಎಳೆದಂತೆ ಒತ್ತಾಗಿ ಬಂದಿತ್ತು, ಎರಡು ಚಕ್ರಗಳ ನಡುವೆ ಬೋಳು. ಅಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತೆ. ನಮ್ಮ ತಾತ ರಾಗಿ ಬಿತ್ತಿದ ಮೇಲೆ ಎತ್ತುಗಳಿಗೆ ಕೊರಡು ಕಟ್ಟಿ, ಅದರ ಮೇಲೆ ನನ್ನನ್ನು ಕೂರಿಸಿ ಹೊಲವೆಲ್ಲ ಸುತ್ತುತ್ತಿದ್ದರು. ನಾನು ಅದನ್ನು ಸವಾರಿ ಎಂದುಕೊಂಡಿದ್ದೆ. ತಾತನಿಗೆ ಬೇಕಾಗಿದ್ದದ್ದು ನನ್ನ ತೂಕ!

ಮಾರನೆಯ ವಾರವೇ ಒಂಬತ್ತು ಅಡಿಯ ಓಕ್ ದಿಮ್ಮಿಗೆ ಸರಪಳಿ ಕಟ್ಟಿ ಎಳೆದೆ. ಸಮ ಮಾಡಿತು, ಆದರೆ ಒದ್ದೆ ಮಣ್ಣನ್ನು ಮುಂದೆ ಗುಡ್ಡೆ ಹಾಕಿತು, ಬೀಜವನ್ನೂ ಜೊತೆಗೆ ಕೊಂಡೊಯ್ದಿತು. ಉರುಳುವ ವಸ್ತು ಬೇಕು ಎಂದು ಆಗ ಖಾತ್ರಿಯಾಯಿತು. ಹುಲ್ಲುಹಾಸಿಗೆ ನೀರು ತುಂಬಿ ಎಳೆಯುವ ಡ್ರಮ್ಮನ್ನೂ ಪ್ರಯತ್ನಿಸಿದೆ, ಅದು ಉಬ್ಬಿನ ಮೇಲಷ್ಟೇ ಕೂರುತ್ತದೆ, ತಗ್ಗಿಗೆ ಮುಟ್ಟುವುದೇ ಇಲ್ಲ. ಕೊನೆಗೆ 2020ರ ಶರತ್ಕಾಲದಲ್ಲಿ ಒಂದು ಡೈರಿ ಫಾರ್ಮಿನ ಹರಾಜಿನಲ್ಲಿ, ಪೊದೆಯೊಳಗೆ ತುಕ್ಕು ಹಿಡಿದು ಬಿದ್ದಿದ್ದ ಎಂಟು ಅಡಿಯ ಎರಕದ ಕಬ್ಬಿಣದ ಕಲ್ಟಿಪ್ಯಾಕರ್, ಅಂದರೆ ಏಣುಳ್ಳ ಚಕ್ರಗಳ ರೋಲರ್, ಕಣ್ಣಿಗೆ ಬಿತ್ತು. 325 ಡಾಲರಿಗೆ ಕೂಗಿ ಗೆದ್ದೆ. ಸಾವಿರ ಪೌಂಡಿಗೆ ಕಡಿಮೆ ಇಲ್ಲ, ಟ್ರೇಲರಿಗೆ ಹತ್ತಿಸಲು ನಾಲ್ಕು ಜನ ಬೇಕಾಯಿತು. ಅದರ ಬೇರಿಂಗುಗಳು ಮರದವು, ಅರ್ಧ ಕೊಳೆತಿದ್ದವು. ಮೇಪಲ್ ಮರದ ತುಂಡನ್ನು ಕೊರೆದು, ಎಣ್ಣೆಯಲ್ಲಿ ರಾತ್ರಿಯೆಲ್ಲ ನೆನೆಸಿ ಹಾಕಿದೆ. ಇಂದಿಗೂ ಅವೇ ಇವೆ. ಮರದ ಬೇರಿಂಗ್ ಎಂದರೆ ಯಾರೂ ನಂಬುವುದಿಲ್ಲ, ಬಂದು ಮುಟ್ಟಿ ನೋಡಿ ಹೋಗುತ್ತಾರೆ.

ಅಲ್ಲಿಂದ ಎಲ್ಲವೂ ತಿರುಗಿತು. ಡಿಸ್ಕ್ ಮೂರು ಸುತ್ತು, ನಡುವೆ ಒಂದು ವಾರ ಬಿಡುವು. ಆಮೇಲೆ ಬೀಜಕ್ಕಿಂತ ಮೊದಲೇ ಒಂದು ಸಲ ರೋಲರ್. ಬೂಟಿನ ಹಿಮ್ಮಡಿ ಊರಿದರೆ ಅರ್ಧ ಅಂಗುಲಕ್ಕಿಂತ ಹೆಚ್ಚು ಇಳಿಯಬಾರದು. ಇಳಿದರೆ ಇನ್ನೊಂದು ಸುತ್ತು. ರೈ, ಓಟ್ಸ್‌ನಂಥ ದಪ್ಪ ಬೀಜವಿದ್ದರೆ ಅದನ್ನು ಮೊದಲು ಎರಚಿ ಡಿಸ್ಕಿನ ಕೋನ ತಗ್ಗಿಸಿ ತೆಳುವಾಗಿ ಮುಚ್ಚುತ್ತೇನೆ, ರೋಲರ್ ಹೊಡೆಯುತ್ತೇನೆ, ಅದರ ಮೇಲೆ ಕ್ಲೋವರ್ ಚೆಲ್ಲಿ ಮತ್ತೆ ರೋಲರ್. ಕ್ಲೋವರನ್ನು ಮುಚ್ಚುವುದೇ ಇಲ್ಲ. ಮೇಲೆ ಬೀಜ ಕಾಣುತ್ತಿರುತ್ತದೆ, ಹೊಸಬರಿಗೆ ಭಯವಾಗುತ್ತದೆ, ಇರಲಿ. ಹತ್ತು ಗುಂಟೆಗೆ ಓಟ್ಸ್ 15 ಪೌಂಡ್, ಕ್ಲೋವರ್ ಎರಡು ಪೌಂಡ್ ಹಾಕುತ್ತೇನೆ, ಒಂದು ಹಿಡಿ ಹೆಚ್ಚು ಕಡಿಮೆ. ಇದು ನಮ್ಮ ಅಕ್ಕಡಿಯೇ. ಓಟ್ಸ್ ಬೇಗ ಎದ್ದು ನೆರಳು ಕೊಡುತ್ತದೆ, ಜಿಂಕೆ ಅದನ್ನು ಮೇಯುವಷ್ಟರಲ್ಲಿ ಕ್ಲೋವರ್ ಬೇರು ಬಿಟ್ಟಿರುತ್ತದೆ.

ಎರಚುವುದಕ್ಕೆ ಕೈಯಲ್ಲಿ ತಿರುಗಿಸುವ 35 ಡಾಲರಿನ ಚೀಲ ಸಾಕು. ಟ್ರ್ಯಾಕ್ಟರಿಗೆ ಕಟ್ಟುವ ಕೋನ್ ಸ್ಪ್ರೆಡರ್ 300 ಕೊಟ್ಟು ತಂದಿದ್ದೆ, ಅದಕ್ಕೆ ಕ್ಲೋವರ್ ತುಂಬಿ ಮೊದಲ ತಿರುವು ಮುಗಿಯುವುದರೊಳಗೆ ಇಡೀ ತುಂಡಿನ ಬೀಜ ಖಾಲಿ. ಈಗ ಅದು ಸುಣ್ಣ, ಗೊಬ್ಬರಕ್ಕೆ ಮಾತ್ರ. ರಾಗಿಗೆ ಮರಳು ಬೆರೆಸಿದಂತೆ ಸಣ್ಣ ಬೀಜಕ್ಕೂ ಏನಾದರೂ ಬೆರೆಸಿದರೆ ಸಮವಾಗಿ ಬೀಳುತ್ತದೆ. ನಾನು ಬೆರೆಸುವುದು ಮರಳಲ್ಲ. ಏನೆಂದು ಮಗನಿಗೂ ಹೇಳಿಲ್ಲ.

ಸುಣ್ಣದ ಮಾತು ಬಂತು. ವಿಶ್ವವಿದ್ಯಾಲಯದ ಲ್ಯಾಬಿಗೆ ಮಣ್ಣು ಕಳುಹಿಸಿದಾಗ ಪಿಎಚ್ 5.6 ಬಂತು, ಅಂದರೆ ಹುಳಿ ಮಣ್ಣು, ಎಕರೆಗೆ ಎರಡು ಟನ್ ಸುಣ್ಣ ಹಾಕು ಎಂದರು. ಲಾರಿಯಲ್ಲಿ ತರುವ ಪುಡಿ ಅಗ್ಗ, ಆದರೆ ನನ್ನ ಗುಡ್ಡದ ದಾರಿಗೆ ಲಾರಿ ಬರಲೊಲ್ಲದು. 40 ಪೌಂಡಿನ ಗುಳಿಗೆ ಚೀಲ ಐವತ್ತು ಹೊತ್ತೆ, 20 ಗುಂಟೆಗೆ ಸುಮಾರು 280 ಡಾಲರ್, ಜೊತೆಗೆ ಒಂದು ವಾರ ಸೊಂಟ ನೋವು. ಈ ಖರ್ಚನ್ನು ಮೊದಲ ವರ್ಷವೇ ಮಾಡಿ ರೋಟವೇಟರನ್ನು ಬಿಟ್ಟಿದ್ದರೆ ಎಂದು ಲೆಕ್ಕ ಹಾಕಲು ಹೋಗುವುದಿಲ್ಲ.

ನಡುವೆ ಕೆಲವು ಹುಚ್ಚಾಟಗಳೂ ನಡೆದವು. ಇಲ್ಲಿನ ಬೀಜದ ಅಂಗಡಿಯಲ್ಲಿ ಜಿಂಕೆಗಳಿಗೆಂದು 'ಲ್ಯಾಬ್‌ಲ್ಯಾಬ್' ಎಂಬ ಚೀಲ ಮಾರುತ್ತಾರೆ, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಬಿಚ್ಚಿ ನೋಡಿದರೆ ನಮ್ಮ ಅವರೆ! ಬಿತ್ತಿದೆ, ಚೆನ್ನಾಗಿಯೇ ಹುಟ್ಟಿತು. ಒಂದು ಸಣ್ಣ ತಂತಿ ಬೋನು ಬಿಟ್ಟರೆ ನಾನು ಸುತ್ತ ಬೇಲಿ ಹಾಕಲಿಲ್ಲ, ಮೊಣಕಾಲೆತ್ತರ ಬರುವ ಮೊದಲೇ ಜಿಂಕೆಗಳು ಬುಡ ಸಮೇತ ಮುಗಿಸಿದವು. ಆ ಬೋನಿನೊಳಗೆ ಉಳಿದ ಮೂರು ಬಳ್ಳಿ ಸೆಪ್ಟೆಂಬರ್ ಕೊನೆಯವರೆಗೂ ಎಲೆ ಬಿಟ್ಟವೇ ಹೊರತು ಹೂ ಬಿಡಲಿಲ್ಲ. ಇಲ್ಲಿ ಬೇಸಿಗೆಯ ಹಗಲು ಅದಕ್ಕೆ ತೀರಾ ಉದ್ದ. ಅವರೆಕಾಳಿನ ಉಪ್ಪಿಟ್ಟಿನ ಆಸೆ ಮಂಜಿಗೆ ಬಲಿಯಾಯಿತು. ರಾಗಿಯೂ ಅಷ್ಟೇ, ಪೈರು ಸೊಂಪಾಗಿ ಎದ್ದಿತು, ತೆನೆ ಕಟ್ಟುವ ಮೊದಲೇ ಹಿಮ ಬಿತ್ತು. ಟರ್ಕಿಗಳು ಆ ಒಣ ಹುಲ್ಲಿನಲ್ಲಿ ಮಲಗುತ್ತಿದ್ದವು, ಅಷ್ಟೇ ಲಾಭ. ನಿಂತ ಬಕ್‌ವೀಟ್ ಮೇಲೆ ರೈ ಎರಚಿ ಮೋವರ್ ಹೊಡೆದು ಮಲಗಿಸುವ ವಿಧಾನ ಮಾತ್ರ ಗೆದ್ದಿತು, ಅದಕ್ಕೆ ಡಿಸ್ಕೂ ಬೇಡ. ಹಾಗೆಯೇ ಮಾರ್ಚಿನಲ್ಲಿ ನೆಲ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ದಿನಗಳಲ್ಲಿ ಕ್ಲೋವರ್ ಎರಚಿಬಿಟ್ಟರೆ ಬಿರುಕುಗಳೇ ಬೀಜ ನುಂಗಿಕೊಳ್ಳುತ್ತವೆ. ಹಳೆಯ ತುಂಡಿನ ಬೋಳು ಜಾಗಗಳನ್ನು ಹೀಗೆಯೇ ತುಂಬಿಸುತ್ತೇನೆ.

ಈಗ ಯಾರಾದರೂ ಕೇಳಿದರೆ ಹೇಳುವುದು ಇಷ್ಟು: ಮೊದಲು ರೋಟರಿ ಮೋವರ್, ಅದಿಲ್ಲದೆ ಜಮೀನು ನಿಮ್ಮದಲ್ಲ, ಕಾಡಿನದು. ಆಮೇಲೆ ರೋಲರ್, ಸಿಗುವವರೆಗೆ ಹರಾಜು ಸುತ್ತಿ. ಡಿಸ್ಕ್ ಮೂರನೆಯದು, ಹೊಸದು ಕೊಳ್ಳಬೇಡಿ, ಭಾರವಾದದ್ದು ಕೊಳ್ಳಿ. ಔಷಧಿ ಹೊಡೆಯಲು 25 ಗ್ಯಾಲನ್ನಿನ ಟ್ಯಾಂಕ್ ಸಾಕು. ಉಳುಮೆಯಿಲ್ಲದೆ ಬಿತ್ತುವ ಕೂರಿಗೆ ಯಂತ್ರದ ಬೆಲೆಗೆ ನನ್ನ ಟ್ರ್ಯಾಕ್ಟರೇ ಬರುತ್ತದೆ, 20 ಗುಂಟೆಗೆ ಅದರ ಕನಸೂ ಬೇಡ.

2023ರ ಮೇ, ಜೂನ್‌ನಲ್ಲಿ ಇಲ್ಲಿ ಮಳೆಯೇ ಇರಲಿಲ್ಲ. ಪಕ್ಕದ ಹಿರಿಯರು ರೋಟವೇಟರ್ ಹೊಡೆದು ಬಿತ್ತಿದ ತುಂಡು ಧೂಳಾಗಿ ಹಾರಿತು. ನನ್ನದು, ಒತ್ತಿ ಕೂರಿಸಿದ ಮಣ್ಣು, ಕೆಳಗಿನ ತೇವ ಎಳೆದುಕೊಂಡು ಹಸಿರಾಗಿಯೇ ನಿಂತಿತು. ಅವರು ಬೇಲಿಯ ಬಳಿ ಬಂದು ಬಹಳ ಹೊತ್ತು ನೋಡಿದರು. ನಾನು ಏನೂ ಹೇಳಲಿಲ್ಲ, ಆದರೆ ಅವರಿಗೆ ಚೆನ್ನಾಗಿ ಕಾಣುವ ಹಾಗೆ ಸ್ವಲ್ಪ ಪಕ್ಕಕ್ಕೆ ಸರಿದು ನಿಂತೆ.

ಮುಂದಿನ ವರ್ಷ ರೋಲರ್ ಎರವಲು ಕೇಳಿದರು, ಕೊಟ್ಟೆ. ಎರಡು ಬೇಲಿ ಕಂಬದ ಋಣ ಇತ್ತಲ್ಲ. ಈಗ ಅದು ಅವರ ಶೆಡ್ಡಿನಲ್ಲಿಯೇ ಇದೆ, ಮುಂದೆ ಹುಲ್ಲಿನ ಉಂಡೆಗಳನ್ನು ಜೋಡಿಸಿಬಿಟ್ಟಿದ್ದಾರೆ. ಏಪ್ರಿಲ್ ಕೊನೆಯೊಳಗೆ ಹೊರಗೆ ಎಳೆಯಬೇಕು, ಇಲ್ಲದಿದ್ದರೆ ನನ್ನ ಓಟ್ಸ್ ತಡವಾಗುತ್ತದೆ.