‘ಶೇ’ ಪಾಠವನ್ನು ನಾನು ಮನೆಯಿಂದ ಶುರು ಮಾಡುತ್ತೇನೆ

ಫ್ರೆಂಚ್ ಕಲಿಯಲು ಬಂದವರಿಗೆ ‘ಶೇ’ (chez) ಬಹಳ ಬೇಗ ಎದುರಾಗುತ್ತದೆ; ಒಬ್ಬರ ಮನೆಯಲ್ಲಿ, ಒಬ್ಬರ ಹತ್ತಿರ ಅನ್ನುವ ಅರ್ಥದ ಸಣ್ಣ ಪದ. ಸಾಮಾನ್ಯವಾಗಿ ಇಂಗ್ಲಿಷಿನ ‘ಅಟ್’ ಹಿಡಿದು ಅರ್ಥ ಹೇಳಿ ಮುಂದಕ್ಕೆ ಹೋಗಿಬಿಡುತ್ತಾರೆ. ಕನ್ನಡದವರಿಗೆ ಪಾಠ ಹೇಳುವಾಗ ನಾನು ಹಾಗೆ ಮಾಡುವುದಿಲ್ಲ. ಈ ಪದ ಹುಟ್ಟಿದ್ದೇ ಮನೆಯಲ್ಲಿ. ಹಾಗಾಗಿ ನನ್ನ ಪಾಠವೂ ಅಲ್ಲಿಂದಲೇ ಶುರು.

ಲ್ಯಾಟಿನ್ನಿನಲ್ಲಿ ‘ಕಾಸಾ’ ಅಂದರೆ ಗುಡಿಸಲು, ಸಣ್ಣ ಮನೆ. ಸ್ಪ್ಯಾನಿಷ್, ಇಟಾಲಿಯನ್ ಭಾಷೆಗಳಲ್ಲಿ ಅದು ಇವತ್ತಿಗೂ ಮನೆಯೇ. ಫ್ರೆಂಚಿನಲ್ಲಿ ಮಾತ್ರ ಮನೆಗೆ ‘ಮೆಜ಼ೋಂ’ ಎಂಬ ಬೇರೆ ಪದ ನಿಂತಿತು. ಕಾಸಾ ಸವೆದು ಸವೆದು ಬರೀ ‘ಶೇ’ ಆಗಿ, ನಮ್ಮ ವಿಭಕ್ತಿ ಮಾಡುವ ಕೆಲಸಕ್ಕೆ ಇಳಿಯಿತು. ‘ಕಾ’ ಹೇಗೆ ‘ಶ’ ಆಯ್ತು ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ಬೋರ್ಡಿನ ಮೇಲೆ ಇನ್ನೆರಡು ಜೋಡಿ ಬರೆಯುತ್ತೇನೆ: ಹಾಡುವುದು ಕಾಂತಾರೆ, ಅದು ಶಾಂತೇ ಆಯಿತು, ಕುದುರೆ ಕಾಬಾಲ್ಲುಸ್, ಅದು ಶೆವಾಲ್ ಆಯಿತು. ಮತ್ತೆ ವಿವರಣೆ ಬೇಕಾಗುವುದಿಲ್ಲ.

ನನಗೆ ತುಂಬ ಇಷ್ಟವಾದ ಉದಾಹರಣೆ ಒಂದು ಊರಿನ ಹೆಸರು. ಫ್ರಾನ್ಸಿನ ಓವೆರ್ನ್ಯ್ ಸೀಮೆಯಲ್ಲಿ ‘ಲಾ ಶೆಜ಼್ ದ್ಯೋ’ ಅಂತ ಊರಿದೆ. 1043ರಲ್ಲಿ ಅಲ್ಲೊಂದು ಕ್ರೈಸ್ತ ಮಠ ಶುರುವಾಯಿತು. ಇವತ್ತಿನ ಫ್ರೆಂಚಿನಲ್ಲಿ ‘ಶೆಜ಼್’ ಅಂದರೆ ಕುರ್ಚಿ. ಹಾಗಾದರೆ ಇದು ದೇವರ ಕುರ್ಚಿಯೇ? ಅಲ್ಲ. ಲ್ಯಾಟಿನ್ನಿನ ‘ಕಾಸಾ ದೇಯಿ’, ಅಂದರೆ ದೇವರ ಮನೆ. ಬಳಕೆಯಿಂದ ಬಿಟ್ಟುಹೋದ ಮನೆ ಅಲ್ಲಿ ಹೆಸರಿನೊಳಗೆ ಉಳಿದುಕೊಂಡಿದೆ!

ಇಷ್ಟಾದ ಮೇಲೆ ಕನ್ನಡದ ‘ಅಲ್ಲಿ’ಗೆ ಬರುತ್ತೇನೆ. ‘ಶೇ ನೂ’ ಅಂದರೆ ನಮ್ಮ ಮನೆಯಲ್ಲಿ. ಅದೇ ಮಾತಿಗೆ ನಮ್ಮ ಊರಲ್ಲಿ, ನಮ್ಮ ದೇಶದಲ್ಲಿ ಎಂಬ ಅರ್ಥವೂ ಇದೆ. ನಾವೂ ‘ನಮ್ಮಲ್ಲಿ ಹಾಗೆಲ್ಲ ಮಾಡಲ್ಲ’ ಅಂತೀವಿ, ಅಲ್ವಾ? ‘ಶೇ ಮೊಲಿಯೇರ್’ ಅಂದರೆ ಮೊಲಿಯೇರ್‌ನ ನಾಟಕಗಳಲ್ಲಿ. ನಾವು ‘ಪಂಪನಲ್ಲಿ’ ಅನ್ನುವುದಿಲ್ಲವೇ, ಹಾಗೆ. ಒಬ್ಬರ ಸ್ವಭಾವಕ್ಕೂ ಇದೇ ಪದ. ‘ಅವನಲ್ಲಿ ಅದೊಂದು ಅಭ್ಯಾಸ’ ಅನ್ನುವ ಕಡೆ ‘ಶೇ ಲುಯಿ’ ಸರಿಯಾಗಿ ಕೂರುತ್ತದೆ. ಇಂಗ್ಲಿಷ್ ದಾರಿಯಲ್ಲಿ ಹೋದರೆ ಇದಕ್ಕೆಲ್ಲ ಬೇರೆ ಬೇರೆ ಪದ ಹುಡುಕಬೇಕು. ಕನ್ನಡ ಬಲ್ಲವರಿಗೆ ಈ ಅರ್ಥಗಳು ಆಗಲೇ ಗೊತ್ತು. ಅದನ್ನು ಬಿಟ್ಟು ಸುಮ್ನೆ ಸುತ್ತಿಬಳಸಿ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಆದರೆ ಒಂದು ಕಡೆ ಹುಷಾರಾಗಿರಬೇಕು. ನಮ್ಮ ‘ಅಲ್ಲಿ’ ಮರಕ್ಕೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ. ‘ಶೇ’ ಹಾಗಲ್ಲ, ಅದರ ಮುಂದೆ ಆ ಮನೆಯವರು ಬೇಕು. ಡಾಕ್ಟರ ಹತ್ತಿರ ಹೋಗುವುದಾದರೆ ‘ಶೇ ಲ ಮೆದ್‌ಸೆಂ’. ಆಸ್ಪತ್ರೆಗೆ ಹೋಗುವುದಾದರೆ ‘ಆ ಲೊಪಿತಾಲ್’; ಈ ‘ಆ’ ಜಾಗಕ್ಕೆ ಹಾಕುವ ಫ್ರೆಂಚ್ ಪದ. ಬೇಕರಿಗೆ ‘ಆ’, ಬ್ರೆಡ್ ಮಾಡುವವನ ಅಂಗಡಿಗೆ ‘ಶೇ’. ಅಂಗಡಿ ಒಂದೇ ಆದರೂ ಮಾತು ಬೇರೆ. ಕ್ಷೌರದವನ ಹತ್ತಿರ ಹೋಗುವುದಕ್ಕೆ ‘ಓ ಕ್ವಾಫರ್’ (ಈ ‘ಓ’ ಅದೇ ‘ಆ’ದ ಇನ್ನೊಂದು ರೂಪ) ಅನ್ನುವುದು ಆಡುಮಾತಿನಲ್ಲಿ ಕೇಳಿಸುತ್ತದೆ; ಬರೆಯುವಾಗ ‘ಶೇ’ ಹಾಕಿ ಅಂತಲೇ ನಾನು ಹೇಳುವುದು. ಕಂಪನಿಗಳಿಗೆ ಮಾತ್ರ ರಿಯಾಯಿತಿ. ಅವುಗಳ ಹೆಸರನ್ನು ಯಜಮಾನನ ಹೆಸರಿನಂತೆ ನೋಡುತ್ತಾರೆ. ರೆನೋದಲ್ಲಿ ಕೆಲಸ ಮಾಡುವವರು ‘ಶೇ ರೆನೋ’ ಅನ್ನುತ್ತಾರೆ.

ಇದೆಲ್ಲ ಮುಗಿದ ಮೇಲೆ ಉಚ್ಚಾರ. ಬರಹದಲ್ಲಿ ಕೊನೆಗೊಂದು ‘ಜ಼ೆಡ್’ ಇದೆ, ಸಾಮಾನ್ಯವಾಗಿ ಕೇಳಿಸುವುದಿಲ್ಲ. ಮುಂದೆ ಸ್ವರ ಬಂದರೆ ಎದ್ದು ಬರುತ್ತದೆ: ನನ್ನ ಮನೆಯಲ್ಲಿ ಅನ್ನಲು ‘ಶೇ ಮುವಾ’, ಆದರೆ ಅವಳ ಮನೆಯಲ್ಲಿ ಅನ್ನಲು ‘ಶೇಜ಼ೆಲ್’. ನಮ್ಮ ಸಂಧಿಯ ಅಭ್ಯಾಸ ಇರುವವರು ಇದನ್ನು ಬೇಗ ಹಿಡಿಯುತ್ತಾರೆ. ಬಾಯಿಬಿಟ್ಟು, ಗಟ್ಟಿಯಾಗಿ ಹೇಳಿಸುತ್ತೇನೆ.