ಬರುವ ದಾರಿಯಲ್ಲಿ ನಿಲ್ಲಿಸಿ

ಹೋದ ವಾರ ಮೊಮ್ಮಗಳ ಕೋಣೆ ಗುಡಿಸಲು ಹೋಗಿ ಅಂಗಾಲಿಗೆ ಸೂಜಿ ಚುಚ್ಚಿಸಿಕೊಂಡು ಬಂದೆ. ಮಂಚದ ಕೆಳಗೆ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಹಳೆಯ ಬಟ್ಟೆ ಪದರಿಟ್ಟು ಹೊಲಿಯುವ ಕೂಸಿನ ಕೌದಿ ಅರ್ಧಕ್ಕೆ ನಿಂತದ್ದು, ಬಟ್ಟೆ ಬಿಗಿಯುವ ರಿಂಗಿನಲ್ಲಿ ಸಿಕ್ಕಿಸಿ ಹಾಗೆಯೇ ಬಿಟ್ಟ ಕಸೂತಿ ಬಟ್ಟೆ, ಕೂಸಿನ ತಲೆಗೆ ಹಾಕುವ ಕುಂಚಿಗೆಗೆಂದು ಕತ್ತರಿಸಿದ ಖಣದ ಬಟ್ಟೆ, ಇವೆಲ್ಲಕ್ಕೂ ಸುತ್ತಿಕೊಂಡ ಗೋಜಲು ದಾರ. ಕೇಳಿದರೆ, "ಮೂರನ್ನೂ ಒಟ್ಟಿಗೆ ಮಾಡುತ್ತಿದ್ದೇನೆ ಅಜ್ಜಿ" ಎಂದಳು. ಮಾಡುತ್ತಿದ್ದಾಳಂತೆ! ರಿಂಗು ಎಷ್ಟು ದಿನದಿಂದ ಕಚ್ಚಿಕೊಂಡಿತ್ತೋ, ಬಟ್ಟೆಗೆ ಬಿದ್ದ ಗುಂಡನೆಯ ಗೆರೆ ಇಸ್ತ್ರಿಗೂ ಜಗ್ಗಲಿಲ್ಲ. ಎದ್ದೇಳುವಾಗ ರಿಂಗು ಸಡಿಲಿಸಬೇಕೆಂಬುದನ್ನು ಹೇಳಿಕೊಡಬೇಕೇ?

ಮೂರು ಹೊಲಿಗೆ ಒಟ್ಟಿಗೆ ಹಿಡಿಯುವುದು ತಪ್ಪಲ್ಲ. ನಾನೂ ಹಿಡಿದವಳೇ. 1978ರಲ್ಲಿ ಧಾರವಾಡದ ಮನೆಯಲ್ಲಿ ನಾವು ಹನ್ನೊಂದು ಜನ. ನಾದಿನಿಯ ಮದುವೆಗೆ ಚಂದ್ರಕಾಳಿ ಎಂಬ ಕರಿಯ ರೇಷ್ಮೆ ಸೀರೆಯ ಸೆರಗನ್ನು ಕಸೂತಿಯಿಂದ ತುಂಬಬೇಕಿತ್ತು, ಹೊಟ್ಟೆಯಲ್ಲಿದ್ದ ಮಗುವಿಗೆ ಕುಂಚಿಗೆ ಆಗಬೇಕಿತ್ತು, ಚಳಿಗಾಲಕ್ಕೆ ಮಾವನವರಿಗೆ ಕೌದಿ ಬೇಕಿತ್ತು. ಮೂರೂ ಮುಗಿದವು. ಏಕೆಂದರೆ ಮೂರಕ್ಕೂ ಬೇರೆ ಬೇರೆ ಹೊತ್ತು, ಬೇರೆ ಬೇರೆ ಗಂಟು. ಹಳೆಯ ಧೋತರದ ತುಂಡಿನಲ್ಲಿ ಕೆಲಸ, ಅದರ ಸೂಜಿ, ಅದರ ದಾರ ಒಟ್ಟಿಗೆ ಕಟ್ಟಿಟ್ಟರೆ ಒಂದರ ದಾರ ಇನ್ನೊಂದಕ್ಕೆ ಹೋಗುವುದಿಲ್ಲ. ಪ್ಲಾಸ್ಟಿಕ್ ಚೀಲ ಬೇಡ, ಮಳೆಗಾಲದಲ್ಲಿ ಒಳಗೇ ಬೆವರಿ ಸೂಜಿ ತುಕ್ಕು ಹಿಡಿಯುತ್ತದೆ, ತುಕ್ಕು ಬಟ್ಟೆಗೆ ಹತ್ತಿದರೆ ಸುಲಭಕ್ಕೆ ಹೋಗುವುದಿಲ್ಲ.

ಕರಿಯ ಬಟ್ಟೆಯ ಮೇಲಿನ ಕಸೂತಿ ಹಗಲಿನ ಬೆಳಕಿಗೇ ಸೈ. ಊಟದ ಪಾತ್ರೆ ತೊಳೆದಾದ ಮೇಲೆ, ಮಕ್ಕಳು ಶಾಲೆಯಿಂದ ಬರುವುದರೊಳಗೆ, ಕಿಟಕಿಯ ಬಳಿ. ದೀಪದ ಬೆಳಕಿನಲ್ಲಿ ಎಳೆ ಎಣಿಸುತ್ತೇನೆಂದು ಕುಳಿತವರು ಮರುದಿನ ಅದನ್ನೇ ಬಿಚ್ಚುತ್ತಾ ಕುಳಿತಿರುತ್ತಾರೆ. ಕೌದಿ ರಾತ್ರಿಯದು. ನಾಲ್ಕು ಮಾತು ಆಡುತ್ತಾ, ಮಗುವನ್ನು ತೊಡೆಯ ಮೇಲೆ ತಟ್ಟುತ್ತಾ ಹೊಲಿಯಬಹುದು, ಕೈಗೆ ದಾರಿ ಗೊತ್ತಿರುತ್ತದೆ. ಕುಂಚಿಗೆಯಂಥ ಸಣ್ಣ ಕೆಲಸ ಚೀಲದಲ್ಲಿರಲಿ, ಬಸ್ಸಿಗೆ ಕಾಯುವಾಗ ಆಗುತ್ತದೆ. ನಾಲ್ಕನೆಯದನ್ನು ಮುಟ್ಟಬೇಡಿ. ಒಗ್ಗರಣೆ ಹಾಕಿದ ಕೈಯಲ್ಲಿ ಯಾವುದನ್ನೂ ಮುಟ್ಟಬೇಡಿ, ಕಡಲೆಹಿಟ್ಟು ಹಚ್ಚಿ ತೊಳೆದು ಬನ್ನಿ.

ಇಷ್ಟನ್ನು ಯಾರಾದರೂ ಹೇಳುತ್ತಾರೆ. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಸಂಸಾರದಲ್ಲಿ ಕುಳಿತು ಮುಗಿಸುವ ಹೊಲಿಗೆ ಎಂಬುದಿಲ್ಲ. ಹಾಲು ಉಕ್ಕುತ್ತದೆ, ಮಗು ಏಳುತ್ತದೆ, ಬಾಗಿಲು ಬಡಿಯುತ್ತಾರೆ. ಈಗಿನವರು ಕರೆದ ಕೂಡಲೇ ಸೂಜಿ ಎಲ್ಲಿದೆಯೋ ಅಲ್ಲಿಯೇ ಬಿಟ್ಟು ಎದ್ದುಬಿಡುತ್ತಾರೆ.

ಕಸೂತಿಯ ಗಂಟಿ ಹೊಲಿಗೆಯನ್ನೇ ತೆಗೆದುಕೊಳ್ಳಿ. ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಬಟ್ಟೆಯ ಮೇಲೆ ಬಿಡಿ ಬಿಡಿ ಗೆರೆಗಳಷ್ಟೇ ಕಾಣುತ್ತವೆ. ಕೊನೆ ಮುಟ್ಟಿ ತಿರುಗಿ ಬರುವಾಗ ಆ ಖಾಲಿಗಳನ್ನು ತುಂಬುತ್ತೇವೆ. ಆಗ ಗೆರೆ ಪೂರ್ತಿಯಾಗುತ್ತದೆ, ಹಿಂದೂ ಮುಂದೂ ಒಂದೇ ಆಗುತ್ತದೆ. ಹೋಗುವ ದಾರಿಯಲ್ಲಿ ಪ್ರತಿ ಹೆಜ್ಜೆಗೂ ಎಳೆ ಎಣಿಸಬೇಕು. ಗೋಪುರದ ಚಿತ್ತಾರ ಹೊಲಿಯುವಾಗ ಅದರ ಮೆಟ್ಟಿಲು ಈಗ ಮೇಲಕ್ಕೋ ಪಕ್ಕಕ್ಕೋ ಎಂಬುದು ನಿಮ್ಮ ತಲೆಯಲ್ಲಿರುತ್ತದೆಯೇ ಹೊರತು ಬಟ್ಟೆಯ ಮೇಲೆ ಇರುವುದಿಲ್ಲ. ಅಲ್ಲಿ ಎದ್ದು ಹೋದಿರೋ, ಎರಡು ದಿನ ಬಿಟ್ಟು ಬಂದಾಗ ಲೆಕ್ಕ ಎಲ್ಲಿಂದ ಬರಬೇಕು? ಬರುವ ದಾರಿಯಲ್ಲಿ ಎಣಿಸುವುದೇನೂ ಇಲ್ಲ. ದಾರಿ ಬಿದ್ದಿದೆ, ಖಾಲಿ ಕಾಣುತ್ತಿದೆ, ತುಂಬುತ್ತಾ ಬಂದರೆ ಮುಗಿಯಿತು. ಆರು ತಿಂಗಳು ಬಿಟ್ಟು ಹಿಡಿದರೂ ತಪ್ಪುವುದಿಲ್ಲ. ಆದ್ದರಿಂದ ಯಾವಾಗ ಎದ್ದರೂ ಬರುವ ದಾರಿಯಲ್ಲಿಯೇ ಏಳಬೇಕು. ಒಲೆಯ ಮೇಲೆ ಅನ್ನವಿದ್ದರೆ ಉದ್ದದ ಗೆರೆ ಹಿಡಿಯಲೇಬೇಡಿ, ಹೋಗಿ ಬರಲು ಹತ್ತು ಹೊಲಿಗೆ ಸಾಕಾಗುವ ಪುಟ್ಟ ಕವಲನ್ನು ಹಿಡಿಯಿರಿ. ಕರೆದವರಿಗೆ "ಬಂದೆ" ಎನ್ನಿ, ತಿರುಗಿ ಎರಡು ಹೊಲಿಗೆಯಾದರೂ ಬನ್ನಿ, ಆಮೇಲೆ ಏಳಿ. ಎರಡು ಹೊಲಿಗೆಯಷ್ಟು ಹೊತ್ತು ಯಾವ ಗಂಡನಾದರೂ ಕಾಯುತ್ತಾನೆ. ಹೋಗುವ ದಾರಿಯಲ್ಲಿಯೇ ಏಳಬೇಕಾದರೆ, ಮುಂದೆ ಸೂಜಿ ಇಳಿಯಬೇಕಾದ ಜಾಗಕ್ಕೆ ಬೇರೆ ಬಣ್ಣದ ದಾರದ ತುಂಡೊಂದನ್ನು ಪೋಣಿಸಿಡಿ.

ಇನ್ನೊಂದು. ದಾರ ಮುಗಿದಲ್ಲಿ ಏಳಬೇಡಿ. ಗೇಣುದ್ದ ದಾರ ಸೂಜಿಯಲ್ಲಿ ಉಳಿದಿರಬೇಕು, ಆಗ ಮರುದಿನ ಕುಳಿತ ಕೂಡಲೇ ಕೈ ಓಡುತ್ತದೆ. ಸೂಜಿಯನ್ನು ಚಿತ್ತಾರದೊಳಗೆ ನೆಡದೆ, ಬಟ್ಟೆಯ ಮಡಿಕೆಯಂಚಿಗೆ ಎರಡು ಸಲ ಚುಚ್ಚಿ, ಉಳಿದ ದಾರವನ್ನು ಅದರ ಮೊನೆಗೂ ಬಾಲಕ್ಕೂ ಎಂಟರ ಅಂಕೆಯಂತೆ ಸುತ್ತಿಡಿ. ಕೌದಿಗೂ ಇದೇ ಮಾತು. ಸಾಲಿನ ನಡುವೆ ಏಳಿ, ಮೂಲೆಯಲ್ಲಿ ಏಳಬೇಡಿ. ಮೂಲೆಯಲ್ಲಿ ಬಿಟ್ಟರೆ ಒಳಗಿನ ಹಳೆಯ ಸೀರೆಗಳು ಒಂದರಿಂದೊಂದು ಜಾರಿ ಗಂಟುಗಟ್ಟುತ್ತವೆ. ಮಡಿಸುವಾಗ ಸೂಜಿ ಇರುವ ಕಡೆ ಮೇಲಕ್ಕೆ ಬರಲಿ, ಇಲ್ಲದಿದ್ದರೆ ನನ್ನ ಅಂಗಾಲಿನ ಗತಿಯೇ ಎಲ್ಲರಿಗೂ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದೇ. ಆ ಚಂದ್ರಕಾಳಿ ಸೆರಗಿನ ಗೋಪುರ ಹೊಲಿಯುವಾಗ ಯಾರೋ ಬಂದರೆಂದು ಹೋಗುವ ದಾರಿಯಲ್ಲಿಯೇ ಎದ್ದೆ, ಮೂರು ದಿನ ಅದರ ಕಡೆ ತಿರುಗಲಾಗಲಿಲ್ಲ. ಬಂದು ಹೊಲಿದಾಗ ಒಂದು ಮಗ್ಗುಲಿಗೆ ಒಂದು ಮೆಟ್ಟಿಲು ಹೆಚ್ಚಾಯಿತು. ಅತ್ತೆಯವರು ಸೆರಗನ್ನು ತಿರುವಿ ಹಾಕಿ, ಹಿಂಬದಿಯ ಮೇಲೆ ಬೆರಳಾಡಿಸಿ, "ಗೋಪುರ ವಾಲಿದೆ" ಎಂದರು. ಬಿಚ್ಚು ಎನ್ನಲಿಲ್ಲ, ಬಿಡು ಎನ್ನಲೂ ಇಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಬಿಚ್ಚಿದೆ. ಗಂಟು ಹಾಕದ ಹೊಲಿಗೆಯಾದ್ದರಿಂದ ಸಲೀಸಾಗಿ ಬಂತು. ಆದರೆ ಕರಿಯ ರೇಷ್ಮೆಯ ಮೇಲೆ ಹಳೆಯ ತೂತುಗಳು ಇಂದಿಗೂ ಕಾಣುತ್ತವೆ, ನಾದಿನಿ ಬಂದಾಗಲೆಲ್ಲ ತೋರಿಸುತ್ತಾಳೆ.

ಎಲ್ಲವನ್ನೂ ಒಮ್ಮೆಲೇ ಶುರುಮಾಡುವ ಈ ಚಾಳಿ ಅಡುಗೆಮನೆಯಲ್ಲೂ ಇದೆ. ಸೊಸೆ ಇಪ್ಪತ್ತು ರೊಟ್ಟಿಯ ಜೋಳದ ಹಿಟ್ಟನ್ನು ಒಂದೇ ಸಲ ನಾದಿಟ್ಟು ಮೊಬೈಲ್ ಹಿಡಿಯುತ್ತಾಳೆ. ಹಿಟ್ಟು ಆರಿ, ತಟ್ಟುವಾಗ ಅಂಚು ಸೀಳಿ, ಕೊನೆಗೆ ಜೋಳವೇ ಸರಿಯಿಲ್ಲ ಎನ್ನುತ್ತಾಳೆ. ಎರಡು ಮೂರು ರೊಟ್ಟಿಗಾಗುವಷ್ಟನ್ನೇ ಬಿಸಿನೀರಿನಲ್ಲಿ ನಾದಿಕೊಳ್ಳುತ್ತಾ ಹೋಗಬೇಕು, ತಾಯಿ.

ಹಳಿಯಾಳದ ಕಡೆ ಒಮ್ಮೆ ಆಫ್ರಿಕಾ ಮೂಲದ ಸಿದ್ದಿ ಜನರ ಹೆಂಗಸೊಬ್ಬಳು ಕೌದಿ ಹೊಲಿಯುವುದನ್ನು ನೋಡಿದ್ದೆ. ಅಂಚಿನಿಂದ ಹಿಡಿದು ಸುತ್ತುತ್ತಾ ಸುತ್ತುತ್ತಾ ಒಳಕ್ಕೆ ಬರುತ್ತಿದ್ದಳು. ಕೊನೆಗೆ ನಾಲ್ಕೂ ಮೂಲೆಗೆ ಮಡಿಸಿದ ತ್ರಿಕೋನದ ತುಂಡು. ಅದಕ್ಕೆ ಅವರು ಫುಲಾ ಎನ್ನುತ್ತಾರೆ, ಅದಿಲ್ಲದಿದ್ದರೆ ಕೌದಿ ಬತ್ತಲೆಯಂತೆ. ನಡುನಡುವೆ ಎದ್ದು ಕೋಳಿ ಅಟ್ಟಿದಳು, ಮಗುವಿಗೆ ಉಣ್ಣಿಸಿದಳು, ಬಂದು ಕುಳಿತಾಗ ಒಮ್ಮೆಯೂ ಎಲ್ಲಿದ್ದೆ ಎಂದು ಹುಡುಕಲಿಲ್ಲ. ಸುತ್ತಿನ ನಡುವೆ ನೆಟ್ಟ ಸೂಜಿ ಅವಳಿಗಾಗಿ ಕಾಯುತ್ತಿತ್ತು.

ಮೊಮ್ಮಗಳ ಮೂರು ಕೆಲಸಗಳನ್ನೂ ಬೇರ್ಪಡಿಸಿ ಮೂರು ಗಂಟು ಕಟ್ಟಿ ಕಪಾಟಿನ ಕೆಳಗಿನ ಅರೆಯಲ್ಲಿ ಇಟ್ಟಿದ್ದೇನೆ. ಕಸೂತಿಯ ಒಂದು ಕವಲನ್ನು ತಿರುವಿನವರೆಗೆ ಒಯ್ದು, ಎರಡು ಹೊಲಿಗೆ ವಾಪಸು ಬಂದು ನಿಲ್ಲಿಸಿದ್ದೇನೆ, ಸೂಜಿಯಲ್ಲಿ ಗೇಣು ದಾರವಿದೆ. ಪ್ಲಾಸ್ಟಿಕ್ ಚೀಲವನ್ನು ಕಸಕ್ಕೆ ಹಾಕಿದ್ದೇನೆ. ಅದನ್ನು ಕೇಳಲು ನನ್ನ ಬಳಿ ಬರಬೇಡ.