ಊರೆಲ್ಲ ಸೇರಿ ಕೆರೆ ಹೂಳೆತ್ತುವುದು ಹೇಗೆ?

ಹೂಳೆತ್ತುವ ಮಾತು ಬಂದ ಕೂಡಲೇ ಎಲ್ಲರೂ ಕೇಳುವುದು ಜೆಸಿಬಿ ಬಾಡಿಗೆ ಎಷ್ಟು ಅಂತ. ಅದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ: ತೆಗೆದ ಮಣ್ಣು ಯಾರ ಹೊಲಕ್ಕೆ ಹೋಗುತ್ತದೆ?

ಲೆಕ್ಕ ಹಾಕಿ ನೋಡಿ. ಎಕರೆಗೆ 43,560 ಚದರ ಅಡಿ. ಒಂದೇ ಅಡಿ ಅಗೆದರೂ ಅಷ್ಟೇ ಘನ ಅಡಿ ಮಣ್ಣು. ಒಂದು ಟ್ರ್ಯಾಕ್ಟರ್‌ಗೆ 100 ಘನ ಅಡಿ ಹಿಡಿದರೆ 435 ಲೋಡು. ಹತ್ತು ಎಕರೆಯಲ್ಲಿ ಮೂರು ಅಡಿ ಅಗೆದರೆ 13,000 ದಾಟುತ್ತದೆ! ಇಷ್ಟನ್ನು ದಡದಲ್ಲಿ ಸುರಿದರೆ ಮಳೆ ಬಂದಾಗ ಮತ್ತೆ ಕೆರೆಗೇ ಇಳಿಯುತ್ತದೆ.

ಹಾಗಾಗಿ ಬೇಸಿಗೆಗೆ ಮುಂಚೆಯೇ ಊರ ಸಭೆ ಕರೆಯಿರಿ. ಡಂಗುರ ಹೊಡೆಸಿ, ವಾಟ್ಸ್‌ಆ್ಯಪ್‌ನಲ್ಲೂ ಹಾಕಿ. ಅಚ್ಚುಕಟ್ಟಿನ, ಅಂದರೆ ಕೆರೆ ನೀರು ಹಾಯುವ ಜಮೀನಿನ, ರೈತರು ಮಾತ್ರ ಬಂದರೆ ಸಾಲದು. ಕುರಿ ಮೇಯಿಸುವವರು, ಮೀನು ಹಿಡಿಯುವವರು, ಬೋರ್‌ವೆಲ್ ಇರುವವರು ಎಲ್ಲರೂ ಬೇಕು. ಕೆರೆ ತುಂಬಿದರೆ ಬೋರ್‌ವೆಲ್‌ಗೂ ನೀರು ಬರುತ್ತದೆ ಅಲ್ವಾ? ಅವರೂ ಪಾಲು ಕೊಡುವುದು ನ್ಯಾಯ.

ನನಗೆ ಸರಿ ಅನಿಸುವ ಹಂಚಿಕೆ ಇದು: ಅಗೆಯುವ ಖರ್ಚು ಊರಿನದು, ಸಾಗಿಸುವ ಖರ್ಚು ಮಣ್ಣು ಒಯ್ಯುವವರದು. ಯಾರಿಗೆ ಎಷ್ಟು ಲೋಡು ಬೇಕು ಅಂತ ಅವತ್ತೇ ಹೆಸರು ಬರೆಸಿ. ಕೈಯಲ್ಲಿ ದುಡ್ಡಿಲ್ಲದವರು ದುಡ್ಡಿನ ಬದಲು ಆಳಾಗಿ ದುಡಿಯಲಿ, ಅದನ್ನೂ ಪುಸ್ತಕದಲ್ಲಿ ಬರೆಯಿರಿ. ಡೀಸೆಲ್ ಚೀಟಿ, ಲೋಡಿನ ಲೆಕ್ಕ ದಿನಾ ಸಂಜೆ ಪಂಚಾಯಿತಿ ಗೋಡೆಗೆ ಅಂಟಿಸಿ. ಲೆಕ್ಕ ಕಾಣದಿದ್ದರೆ ಮೂರೇ ದಿನಕ್ಕೆ ಗುಸುಗುಸು ಶುರುವಾಗಿ ಜನ ಹಿಂದೆ ಸರಿಯುತ್ತಾರೆ.

ಅನುಮತಿ ಬೇಕೇ ಬೇಕು. ಅಚ್ಚುಕಟ್ಟು 40 ಹೆಕ್ಟೇರ್ ದಾಟಿದ ಕೆರೆಗಳು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯವು. ಚಿಕ್ಕ ಕೆರೆಯಾದರೆ ಪಂಚಾಯಿತಿಯಲ್ಲಿ ವಿಚಾರಿಸಿ.

ಜನ ಬರುತ್ತಾರಾ ಅನ್ನುವ ಅನುಮಾನ ಬೇಡ. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿ ಹಿರೇಹಳ್ಳ ಶುಚಿ ಮಾಡಲು ಮುಂದಾದಾಗ ಸುತ್ತಲ ಊರಿನವರು ಕೈಜೋಡಿಸಿದ್ದರು. ಮುಂದೆ ನಿಲ್ಲುವವರ ಮೇಲೆ ನಂಬಿಕೆ ಇರಬೇಕು, ಅಷ್ಟೇ.

ಅಗೆಯುವಾಗ ಏರಿಯ (ಕೆರೆ ಕಟ್ಟೆಯ) ಬುಡ ಮುಟ್ಟಬೇಡಿ, ಏರಿ ಸಡಿಲವಾಗುತ್ತದೆ. ತಳದ ಗಟ್ಟಿ ಜೇಡಿ ಪದರವನ್ನೂ ಬಿಡಿ, ನೀರು ಒಮ್ಮೆಲೇ ಇಂಗಿಹೋಗದಂತೆ ಹಿಡಿಯುವುದು ಅದೇ. ಕೊನೆಯ ಎರಡು ದಿನ ತೂಬು (ಹೊಲಕ್ಕೆ ನೀರು ಬಿಡುವ ಕಿಂಡಿ), ಕೋಡಿ (ಹೆಚ್ಚಾದ ನೀರು ಹೊರಹೋಗುವ ಜಾಗ) ಮತ್ತು ಕೆರೆಗೆ ನೀರು ತರುವ ಕಾಲುವೆಗೆ ಇಟ್ಟುಕೊಳ್ಳಿ. ಕಾಲುವೆಯಲ್ಲಿ ಜಾಲಿ ಬೆಳೆದಿದ್ದರೆ ಬುಡಸಮೇತ ಕೀಳಿಸಿ. ಮೊದಲ ಜೋರು ಮಳೆಯ ದಿನ ನಾಲ್ಕು ಜನ ಗುದ್ದಲಿ ಹಿಡಿದು ಆ ಕಾಲುವೆಗುಂಟ ನಡೆಯಲಿ. ನೀರು ಎಲ್ಲಿ ಅಡ್ಡದಾರಿ ಹಿಡಿಯುತ್ತದೋ ಅಲ್ಲೇ ಸರಿಮಾಡಿ.